ಮೂವತ್ತೊಂದನೇ ನಂಬರಿನ ತಟ್ಟೆ

ಮಾರ್ಚ್ 29, 1937. ಸೋಮವಾರ

ಈ ಅಡುಗೆಮನೆಯನ್ನು ಮೂರು ವಾರದಲ್ಲಿ ದಾರಿಗೆ ತರುತ್ತೇನೆ. ಮೇಕನ್ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹನ್ನೊಂದು ವರ್ಷ ಇನ್ನೂರು ಜನಕ್ಕೆ ಬಡಿಸಿದವಳಿಗೆ ಐವತ್ತೆರಡು ಹುಡುಗರು ಒಂದು ದೊಡ್ಡ ಮಾತಲ್ಲ.

ಟಾಲೋ ಕ್ರೀಕ್ ಬಾಲಕರ ಸುಧಾರಣಾ ಶಾಲೆಯಲ್ಲಿ ರಸ್ತೆಯ ಆಚೆ ಬಿಳಿಯ ಹುಡುಗರು, ಈಚೆ ನಮ್ಮವರು, ಕರಿಯ ಹುಡುಗರು. ಆಚೆಯವರಿಗೆ ಅಚ್ಚುಕೂಟ, ಬಡಗಿ ಕೆಲಸ, ಒಂದು ಬ್ಯಾಂಡು. ನಮ್ಮವರಿಗೆ ಇಟ್ಟಿಗೆ ಸುಡುವ ಗೂಡು. ಅದರ ಗೊಡವೆ ನನಗೆ ಬೇಡ. ನನ್ನ ಪಾಲಿನದು ಒಲೆ.

ಸೂಪರಿಂಟೆಂಡೆಂಟ್ ಮಿಸ್ಟರ್ ಪೆಟಿಗ್ರೂ ನನಗೆ ಕೂರಲು ಹೇಳಲಿಲ್ಲ, ಆದರೆ ಬೈಯಲೂ ಇಲ್ಲ. ಮೇಜಿನ ಮೇಲೆ ಕಾಗದಗಳನ್ನು ಅಂಚಿಗೆ ಅಂಚು ಸೇರಿಸಿ ಇಟ್ಟುಕೊಳ್ಳುತ್ತಾರೆ. ಅಂಥವರ ಕೈಕೆಳಗೆ ಕೆಲಸ ಮಾಡಬಹುದು.

"ಲುವೀನಿಯಾ, ನಿನಗಿಂತ ಮುಂಚೆ ಇದ್ದವಳು ತಟ್ಟೆ ಕಾಯೋಕೂ ಲಾಯಕ್ಕಿರಲಿಲ್ಲ," ಎಂದರು. "ಏಳು ತಟ್ಟೆ ಕಾಣೆಯಾಗಿವೆ. ಮೇ ಹದಿನಾಲ್ಕಕ್ಕೆ ಶಾಲೆಯ ಆಡಳಿತ ಮಂಡಳಿಯವರು ತಪಾಸಣೆಗೆ ಬರ್ತಾರೆ. ಅಷ್ಟರೊಳಗೆ ಹುಡುಕಿಡು."

"ಹುಡುಕ್ತೀನಿ ಸಾರ್."

ನಾನು ಮಿಸೆಸ್ ಸ್ಪೈಟ್. ಬಿಳಿಯರ ಬಾಯಲ್ಲಿ ಕರಿಯ ಹೆಂಗಸಿಗೆ 'ಮಿಸೆಸ್' ಬರುತ್ತದೆಂದು ಕಾಯುವಷ್ಟು ಪೆದ್ದಿ ನಾನಲ್ಲ.

ಮಾರ್ಚ್ 31. ಬುಧವಾರ

ಇಲ್ಲಿನ ಪದ್ಧತಿ ಚೆನ್ನಾಗಿದೆ. ಬಂದ ದಿನವೇ ಹುಡುಗನಿಗೊಂದು ತಗಡಿನ ತಟ್ಟೆ, ಅಂಚಿನಲ್ಲಿ ಮೊಳೆಯಿಂದ ಹೊಡೆದ ನಂಬರು. ಬಿಡುಗಡೆಯಾಗುವವರೆಗೆ ಅದು ಅವನದು. ಒಬ್ಬ ಹೋದರೆ ಆ ನಂಬರು ಮುಂದೆ ಬಂದವನಿಗೆ. ಆದರೆ ಏಳು ನಂಬರಿನವರಿಗೆ ತಟ್ಟೆಯಿಲ್ಲ, ಪಾತ್ರೆಯ ಮುಚ್ಚಳದಲ್ಲಿ ಉಣ್ಣುತ್ತಾರೆ. ಇದನ್ನು ನಾನು ಸಹಿಸಲಾರೆ.

ಇವತ್ತು ಹೊಸ ಮೂವತ್ತೊಂದು ಬಂದ, ಇವನು ಸೇರಿ ಐವತ್ತೆರಡು. ಹನ್ನೊಂದು ವರ್ಷ, ಕೈಕಾಲು ಕಡ್ಡಿ, ಒಬೆಡ್ ಟಾಲಿವರ್ ಎಂದು ಹೆಸರು. ಯಾಕೆ ತಂದರೆಂದು ಕೇಳಿದೆ.

"ನಕ್ಕೆ, ಮಿಸ್ ಲುವೀನಿಯಾ."

"ಯಾರನ್ನ ನೋಡಿ?"

"ಒಬ್ರು ಬಿಳಿ ಅಮ್ಮಾವ್ರ ಟೋಪಿ ಗಾಳಿಗೆ ಹಾರಿ ಕುದುರೆ ನೀರು ಕುಡಿಯೋ ತೊಟ್ಟಿಗೆ ಬಿತ್ತು. ಕುದುರೆ ಒಂದು ಸಲ ಟೋಪಿ ನೋಡ್ತು, ಒಂದು ಸಲ ಅಮ್ಮಾವ್ರನ್ನ ನೋಡ್ತು. ನೀವಿದ್ದಿದ್ರೆ ನೀವೂ ನಗ್ತಿದ್ರಿ."

"ನಾನು ನಗೋಳಲ್ಲ. ಕೈ ತೊಳ್ಕೊ."

ಹದಿನೆಂಟು ತುಂಬುವವರೆಗೆ ಇಲ್ಲಿರಬೇಕಂತೆ. ಒಂದು ನಗುವಿಗೆ ಏಳು ವರ್ಷ. ನ್ಯಾಯಾಧೀಶರಿಗೆ ನಾವು ಕಾಣದ ಬೇರೆ ಕಾರಣವೂ ತಿಳಿದಿರಬಹುದು.

ಏಪ್ರಿಲ್ 3. ಶನಿವಾರ

ತಟ್ಟೆಗಳು ಸಿಕ್ಕವು. ಆರನೆಯ ದಿನಕ್ಕೇ.

ಊಟದ ಬಿಡುವಿನಲ್ಲಿ ಇಬ್ಬರು ಹುಡುಗರು ಗೂಡಿನ ಹಿಂದಿನ ಪೈನ್ ತೋಪಿನತ್ತ ನುಸುಳುವುದನ್ನು ಕಂಡು ಹಿಂದೆಯೇ ಹೋದೆ. ಕೆಂಪು ಮಣ್ಣಿನ ಏಳು ದಿಬ್ಬ. ಒಂದೊಂದರ ಮೇಲೂ ತಟ್ಟೆ, ತಳದಲ್ಲಿ ಬೇಕೆಂದೇ ಹೊಡೆದ ತೂತು. ಒಂದರ ಪಕ್ಕದಲ್ಲಿ ಚಮಚ, ಇನ್ನೊಂದರ ಪಕ್ಕದಲ್ಲಿ ಒಡೆದ ಔಷಧಿ ಸೀಸೆ.

ನೋಡಿದ ತಕ್ಷಣ ತಿಳಿಯಿತು. ಕರಾವಳಿಯ ನನ್ನ ಅಜ್ಜಿಯ ಕಡೆಯವರು ಹೀಗೆ ಮಾಡುತ್ತಿದ್ದರು. ಸತ್ತವರು ಕೊನೆಗೆ ಬಳಸಿದ ಪಾತ್ರೆಯನ್ನು ಒಡೆದು ಗೋರಿಯ ಮೇಲೆ ಇಡುವುದು. ಒಡೆದರೆ ಸಾವಿನ ಸರಪಳಿ ತುಂಡಾಗುತ್ತದೆ, ಮುಂದಿನವರನ್ನು ಎಳೆಯುವುದಿಲ್ಲ. ಅದನ್ನು ಅಲ್ಲಿಂದ ತಂದರೆ ಸತ್ತವರು ಅದರ ಹಿಂದೆಯೇ ಬರುತ್ತಾರೆ. ನಮ್ಮ ತಂದೆ ಮೆಥಡಿಸ್ಟ್ ಪಾದ್ರಿ. ಇದನ್ನೆಲ್ಲ ಮಕ್ಕಳ ತಲೆಯಿಂದ ಉಜ್ಜಿ ತೆಗೆದರು.

ಯಾವುದೋ ಗುಲಾಮಗಿರಿ ಕಾಲದ ಹಳೆಯ ಸ್ಮಶಾನ. ಹುಡುಗರು ಹಿರಿಯರ ಆಟ ಆಡಿದ್ದಾರೆ, ನನ್ನ ಅಡುಗೆಮನೆಯ ತಟ್ಟೆಗಳಲ್ಲಿ. ಎಲ್ಲವನ್ನೂ ಏಪ್ರನ್ನಿಗೆ ತುಂಬಿಕೊಂಡೆ.

ಆ ಇಬ್ಬರಲ್ಲಿ ದೊಡ್ಡವನು ಥರ್ಮನ್, ನನ್ನ ಅಡುಗೆಮನೆಯಲ್ಲೇ ಸೌದೆ ಹೊರುವ ಹದಿನೈದರ ಹುಡುಗ. ಅಡ್ಡ ನಿಂತ.

"ಮಿಸ್ ಲುವೀನಿಯಾ, ಅವು ಅಲ್ಲೇ ಇರ್ಲಿ. ನಿಮ್ಮ ದಮ್ಮಯ್ಯ."

"ಸರ್ಕಾರದ ಸಾಮಾನು ಕಣೋ ಇದು."

"ನಾನು ಮುಚ್ಚಳದಲ್ಲೇ ಉಣ್ತೀನಿ. ಬೇಕಾದ್ರೆ ಕೈಯಲ್ಲೇ ಹಾಕಿ."

"ಯಾಕೆ ಅಂತ ಹೇಳು, ಕೇಳ್ತೀನಿ."

"ಹೇಳಿದ್ರೆ ಆಫೀಸಿಗೆ ಹೋಗುತ್ತೆ," ಎಂದು ನೆಲ ನೋಡಿದ.

ಏಪ್ರಿಲ್ 8. ಗುರುವಾರ

ಊರಿನ ತಗಡಿನ ಕಾರ್ಖಾನೆಯಲ್ಲಿ ಏಳೂ ತೂತಿಗೆ ಬೆಸುಗೆ ಹಾಕಿಸಿ, ಬೂದಿನೀರಿನಲ್ಲಿ ಎರಡು ಸಲ ಕುದಿಸಿ, ಮರಳಿನಲ್ಲಿ ಉಜ್ಜಿಸಿದೆ. ಇವತ್ತಿನಿಂದ ಐವತ್ತೆರಡು ತಟ್ಟೆ, ಐವತ್ತೆರಡು ಹುಡುಗರು. ಮಿಸ್ಟರ್ ಪೆಟಿಗ್ರೂ ಬಾಗಿಲಲ್ಲೇ ನಿಂತು, "ನಿನ್ನಂಥವರು ಇನ್ನೂ ನಾಲ್ಕು ಜನ ಇದ್ದಿದ್ರೆ ಚೆನ್ನಾಗಿತ್ತು," ಎಂದರು.

ಒಬೆಡ್ ಮಾತ್ರ ತಟ್ಟೆಯನ್ನು ಮೇಜಿನ ಮೇಲಿಟ್ಟು ಬೆರಳು ಊದಿಕೊಂಡ. ಸುಡುತ್ತದಂತೆ. ಮುಟ್ಟಿ ನೋಡಿದೆ. ತಣ್ಣಗಿತ್ತು.

ಏಪ್ರಿಲ್ 17. ಶನಿವಾರ

ಏಳು ಹುಡುಗರು ಸೊರಗುತ್ತಿದ್ದಾರೆ. ಹೊಟ್ಟೆಯಲ್ಲಿ ಹುಳ. ಸಕ್ಕರೆಗೆ ಎರಡು ತೊಟ್ಟು ಟರ್ಪೆಂಟೈನ್ ಹಾಕಿ ಮೂರು ದಿನ ಕೊಟ್ಟೆ. ಬೇರೆ ಯಾವ ಹುಳವಾದರೂ ಇಷ್ಟಕ್ಕೆ ಸತ್ತಿರುತ್ತಿತ್ತು.

ಅಲಸಂದೆ, ಹಂದಿ ಕೊಬ್ಬು, ಮೆಕ್ಕೆಜೋಳದ ಬ್ರೆಡ್ಡಿನ ಎರಡು ತುಂಡು, ಮೇಲೆ ಕಾಕಂಬಿ. ಒಬೆಡ್ ಎಲ್ಲವನ್ನೂ ಬಳಿದು ತಿಂದ. ನಾನೇ ಎದುರಿಗೆ ನಿಂತಿದ್ದೆ. ಏಳುವಾಗ ಮೇಜಿನ ಅಂಚು ಹಿಡಿದುಕೊಂಡ.

"ಹೊಟ್ಟೆ ತುಂಬ್ಲಿಲ್ವಾ?"

"ಬಾಯಿಗೆ ಹೋಗುತ್ತೆ ಮಿಸ್ ಲುವೀನಿಯಾ. ಗಂಟಲಿಂದಾಚೆ ಯಾರೋ ತಗೊಂಡ್ಬಿಡ್ತಾರೆ."

"ಯಾರು?"

"ನನಗಿಂತ ಹಸಿದಿರೋರು." ಆಮೇಲೆ ನನ್ನನ್ನು ಸಮಾಧಾನ ಮಾಡುವವನ ಹಾಗೆ, "ಕೆಟ್ಟೋನಲ್ಲ ಅವ್ನು," ಎಂದ.

ಸೊರಗುತ್ತಿರುವವರ ನಂಬರುಗಳನ್ನು ಬರೆದುಕೊಂಡೆ. 4, 9, 17, 22, 31, 38, 50. ಬೆಸುಗೆ ಹಾಕಿಸಿದ ತಟ್ಟೆಗಳ ನಂಬರುಗಳೇ. ಬೆಸುಗೆಯ ಸೀಸ ಇರಬೇಕು. ಬೇರೆ ತಟ್ಟೆ ಕೇಳಿ ಆಫೀಸಿಗೆ ಚೀಟಿ ಕಳಿಸಿದೆ. ಚೀಟಿಯ ಹಿಂದೆಯೇ "ಇಲ್ಲ" ಎಂದು ಬರೆದು ಬಂತು.

ಏಪ್ರಿಲ್ 22. ಗುರುವಾರ

ಮಧ್ಯಾಹ್ನ ಹನ್ನೆರಡೂಕಾಲು. ಕಿಟಕಿಗಳೆಲ್ಲ ತೆರೆದಿದ್ದವು. ಬಿಸಿಲು ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಬಿದ್ದಿತ್ತು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಕಣ್ಣಿಗೆ ಮಬ್ಬು ಕವಿದಿತ್ತು ಎಂದು ನಾಳೆ ನನಗೇ ಅನ್ನಿಸಬಾರದು.

ತಲೆ ಎಣಿಸಿದೆ. ಐವತ್ತೊಂಬತ್ತು.

ಮತ್ತೆ ಆ ಕಡೆಯಿಂದ ಎಣಿಸಿದೆ. ಐವತ್ತೊಂಬತ್ತು.

ಹುಡುಗರು ಬೆಂಚಿನ ಮೇಲೆ ಒತ್ತಿ ಕೂತು ಜಾಗ ಮಾಡಿಕೊಟ್ಟಿದ್ದರು. ಒಬೆಡನ ಪಕ್ಕ ಒಬ್ಬ, ಹದಿಮೂರಿರಬಹುದು. ತಲೆಯಿಂದ ಅಂಗಿಯವರೆಗೆ ಇಟ್ಟಿಗೆ ಪುಡಿ, ಹುಬ್ಬಿನ ಕೂದಲು ಸುಟ್ಟು ಹೋಗಿತ್ತು. ಅವನು ತಟ್ಟೆ ಮುಟ್ಟಲಿಲ್ಲ. ಒಬೆಡ್ ನುಂಗಿದಾಗಲೆಲ್ಲ ಅವನ ಗಂಟಲೂ ಏರಿಳಿಯುತ್ತಿತ್ತು.

ಯಾರೂ ಕಿರುಚಲಿಲ್ಲ. ನಾನೂ ಕಿರುಚಲಿಲ್ಲ. ಸೌಟು ಕೈಯಲ್ಲಿತ್ತು, ಬಡಿಸುವುದು ಬಾಕಿಯಿತ್ತು. ಬಡಿಸಿದೆ.

ಏಪ್ರಿಲ್ 23. ಶುಕ್ರವಾರ

ಥರ್ಮನ್ ಸೌದೆ ತಂದಾಗ ಬಾಗಿಲು ಹಾಕಿ ಕೇಳಿದೆ.

"ಆ ಏಳು ಜನ ಯಾರು?"

"ಕಂಡ್ರಾ ನಿಮಗೂ?" ಎಂದ. ಸೌದೆ ಇಳಿಸಿ ಅದರ ಮೇಲೆಯೇ ಕೂತ. "ನಾವು ಹೇಳಿದ್ರೆ ನಂಬ್ತಿದ್ರಾ?"

"ಇಲ್ಲ. ಈಗ ಹೇಳು."

ಅವನು ಹೇಳಿದ್ದಿಷ್ಟು. ಇಟ್ಟಿಗೆ ಸುಟ್ಟ ಗೂಡು ಆರಲು ಐದು ದಿನ ಬೇಕು. ಬೇಡಿಕೆ ಹೆಚ್ಚಿದರೆ ಮೂರನೆಯ ದಿನವೇ ಬಾಯಿ ಒಡೆದು ಸಣ್ಣ ಹುಡುಗರನ್ನು ಒದ್ದೆ ಗೋಣಿ ಹೊದಿಸಿ ಇಟ್ಟಿಗೆ ತೆಗೆಯಲು ಒಳಗೆ ಕಳಿಸುತ್ತಾರೆ. ದೊಡ್ಡವರು ಒಳಗೆ ಹಿಡಿಯುವುದಿಲ್ಲ. ಕೆಲವರು ಹೊರಗೆ ಬಂದು ಸತ್ತರು, ಕೆಲವರು ಬರಲಿಲ್ಲ. ಹೂಳಿದ್ದು ಹುಡುಗರೇ. ಪ್ರಾರ್ಥನೆ ಹೇಳಲು ಬಿಡಲಿಲ್ಲ, ಹಾಗಾಗಿ ತಟ್ಟೆ ಒಡೆದು ಇಟ್ಟರು.

"ಅವರ ಅಮ್ಮಂದಿರಿಗೆ?"

"'ನಿಮ್ಮ ಮಗ ಓಡಿಹೋದ' ಅಂತ ಕಾಗದ. ಆಫೀಸು ಗುಡಿಸೋ ನಾನೇ ಅಂಚೆಗೆ ಹಾಕಿದ್ದೀನಿ ಏಳನ್ನೂ. ಸಾಹೇಬ್ರ ಅಕ್ಷರ ಮುತ್ತಿನ ಹಾಗಿರುತ್ತೆ."

ಹೆಸರುಗಳನ್ನು ಕೇಳಿದೆ. ಥರ್ಮನ್ ಒಂದೂ ತೊದಲದೆ ಹೇಳಿದ. ಐಸಾಯ ಪೂಲ್, ಡೋರ್ಸಿ ವೇರ್, ರೂಫಸ್ ಲ್ಯಾಂಗ್, ಹೋಸಿಯ ಬೆಲ್, ಎಲ್ಡ್ರಿಜ್ ಮಾಸ್, ಕೇಟೋ ಸಿಮ್ಸ್, ಟೋಬಿ ಹಿಲ್. ಮೂವತ್ತೊಂದು ಐಸಾಯನದು.

ನಾನು ಆ ತಟ್ಟೆಗಳನ್ನು ಎತ್ತಿ ತಂದೆ. ಹಳೆಯ ಸ್ಮಶಾನ ಎಂದುಕೊಂಡೆ. ದಿಬ್ಬದ ಮೇಲೆ ಹುಲ್ಲು ಬೆಳೆದಿರಲಿಲ್ಲ, ಮಣ್ಣು ಇನ್ನೂ ಕೆಂಪಗಿತ್ತು. ಕಣ್ಣಾರೆ ನೋಡಿಯೂ ನೋಡಲಿಲ್ಲ.

ಏಪ್ರಿಲ್ 26. ಸೋಮವಾರ

ಒಬೆಡ್ ನೀರಿನ ಬಕೆಟ್ಟಿನ ಪಕ್ಕದಲ್ಲೇ ಕುಸಿದ. ಎತ್ತಿದರೆ ಒಣಗಿದ ಜೋಳದ ಸಿಪ್ಪೆಯಷ್ಟು ಹಗುರ.

"ತಟ್ಟೆ ವಾಪಸ್ ಇಟ್ಬಿಡೋಣ ಮಿಸ್ ಲುವೀನಿಯಾ," ಎಂದ ಥರ್ಮನ್. "ಇವತ್ತೇ ಒಡೆದು ಇಟ್ಬಿಡೋಣ. ಅವ್ರೂ ಮಲಗ್ತಾರೆ, ಇವ್ನೂ ಉಳೀತಾನೆ."

ಇಟ್ಟುಬಿಡುವವಳೇ ಇದ್ದೆ. ಆಗ ಪೆಟಿಗ್ರೂ ಬಂದ. ನೆಲದ ಮೇಲಿದ್ದ ಹುಡುಗನನ್ನು ಬೂಟಿನ ತುದಿಯಿಂದ ಹೊರಳಿಸಿ ನೋಡಿದ.

"ಇವನಿಗೆ ಸರಿಯಾಗಿ ತಿನ್ನಿಸು ಲುವೀನಿಯಾ. ಕೋರ್ಟಿನ ಕಟ್ಟಡಕ್ಕೆ ಇಟ್ಟಿಗೆ ಅವಸರ ಇದೆ. ಮಂಡಳಿಯವರು ಬಂದುಹೋದ ಮೇಲೆ ಗೂಡಿಗೆ ಇವನೇ. ಒಳ್ಳೇ ಅಳತೆ."

"ಆಗಲಿ ಸಾರ್."

ತಟ್ಟೆ ಒಡೆದರೆ ಒಬೆಡ್ ಹಸಿವಿನಿಂದ ಉಳಿಯುತ್ತಾನೆ, ಗೂಡಿನಿಂದ ಉಳಿಯುವುದಿಲ್ಲ. ತಟ್ಟೆ ಇಟ್ಟುಕೊಂಡರೆ ಮಂಡಳಿಯವರು ಮೇಜಿನಲ್ಲಿ ಆ ಏಳು ಜನರನ್ನು ಕಾಣುತ್ತಾರೆ. ಆದರೆ ಮೇ ಹದಿನಾಲ್ಕರವರೆಗೆ ಇವನು ಬದುಕುವುದಿಲ್ಲ.

ಇದರಲ್ಲಿ ಕಷ್ಟವೇನೂ ಇಲ್ಲ. ಒಬೆಡನಿಗೆ ನನ್ನ ಪಿಂಗಾಣಿ ಬೋಗುಣಿ ಕೊಟ್ಟೆ. ಮೂವತ್ತೊಂದರಲ್ಲಿ ನಾನು ಉಣ್ಣುತ್ತೇನೆ.

ಏಪ್ರಿಲ್ 30. ಶುಕ್ರವಾರ

ಒಬೆಡ್ ಮೂರು ದಿನದಲ್ಲಿ ಎದ್ದು ಕೂತ. ಹಾಗಾದರೆ ಉಳಿದ ಆರು ಹುಡುಗರನ್ನು ಯಾಕೆ ಬಿಡಬೇಕು? ಏಳೂ ತಟ್ಟೆ ಮೇಜಿನ ತುದಿಯಲ್ಲಿ ನನ್ನ ಮುಂದಿವೆ. ಒಂದೊಂದರಿಂದಲೂ ಊಟ. ನನ್ನ ಮೈಕಟ್ಟು ಗಟ್ಟಿ, ತಡೆಯುತ್ತೇನೆ.

ಮೇ 5. ಬುಧವಾರ

ಅವರು ಈಗ ನನ್ನ ಸುತ್ತಲೇ ಕೂರುತ್ತಾರೆ. ಡೋರ್ಸಿ ಮೊಣಕೈಯನ್ನು ಮೇಜಿನ ಮೇಲೆ ಊರುತ್ತಾನೆ. ಹೇಳಿದರೆ ತೆಗೆಯುತ್ತಾನೆ. ಕೇಟೋಗೆ ಕಾಕಂಬಿ ಇಷ್ಟ. ಟೋಬಿ ಬಲು ಚಿಕ್ಕವನು, ಬೆಂಚಿನಿಂದ ಕಾಲು ನೆಲಕ್ಕೆ ಎಟುಕುವುದಿಲ್ಲ. ಅವರ ಹತ್ತಿರ ಕೂತರೆ ಒಲೆಯ ಮುಂದೆ ಕೂತಷ್ಟು ಬಿಸಿ. ನನಗೆ ಒಲೆ ಅಭ್ಯಾಸ.

ಲಂಗದ ಸೊಂಟವನ್ನು ಎರಡು ಸಲ ಹಿಡಿದು ಹೊಲಿದೆ. ಇಲ್ಲಿ ಒಗೆಯುವವರು ಬಟ್ಟೆಯನ್ನು ಹಿಂಡಿ ಹಿಂಡಿ ಸಡಿಲ ಮಾಡಿಬಿಡುತ್ತಾರೆ.

ಒಬೆಡ್ ನನ್ನ ಕಡೆ ನೋಡಿ, "ನೀವು ಕೂತ್ಕೊಳ್ಳಿ, ಬಡಿಸೋದು ನಾನು ಮಾಡ್ತೀನಿ," ಎಂದ. ಅವನ ಕೆನ್ನೆ ತುಂಬಿಕೊಂಡಿದೆ. ಕುದುರೆ ಹೇಗೆ ನೋಡಿತೆಂದು ಮತ್ತೆ ಮಾಡಿ ತೋರಿಸಿದ. ನಕ್ಕೆ.

ಮೇ 11. ಮಂಗಳವಾರ

ಮೆಟ್ಟಿಲು ಹತ್ತಲು ತಡವಾಗುತ್ತಿದೆ. ಸೆಕೆ.

ಇನ್ನು ಮೂರು ದಿನ.

ಮೇ 14. ಶುಕ್ರವಾರ

ಮಂಡಳಿಯಿಂದ ಮೂವರು ಬಂದರು, ಜೊತೆಗೆ ಬರೆದುಕೊಳ್ಳುವ ಗುಮಾಸ್ತ. ಏಳೂ ತಟ್ಟೆಗಳಿಂದ ಮುಂಚೆಯೇ ಒಂದೊಂದು ತುತ್ತು ತಿಂದು, ಏಳು ಜನರ ಮುಂದೆ ಇಟ್ಟೆ. "ನೆಟ್ಟಗೆ ಕೂತ್ಕೊಳ್ಳಿ. ಕೇಳಿದ್ರೆ ಸ್ಪಷ್ಟವಾಗಿ ಹೇಳಿ," ಎಂದೆ.

ಮಂಡಳಿಯವರು ಮೇಜಿನುದ್ದಕ್ಕೂ ನಡೆದರು. ಸುಟ್ಟ ಹುಬ್ಬು, ಇಟ್ಟಿಗೆ ಪುಡಿ, ಉಸಿರಿಗೆ ಏಳದ ಎದೆ. ಟೋಬಿಯ ಹೆಗಲ ಮೇಲೆ ಒಬ್ಬ ದಪ್ಪನೆಯ ದೊಡ್ಡಮನುಷ್ಯ ಕೈ ಇಟ್ಟು, ಕೈ ಸುಟ್ಟವನಂತೆ ಕೊಡವಿಕೊಂಡು, "ಇಲ್ಲಿ ಬಹಳ ಸೆಕೆ," ಎಂದು ಮುಂದೆ ಹೋದ. ಇದನ್ನು ನಾನು ಎಣಿಸಿರಲಿಲ್ಲ. ನೋಡಿದರೆ ಸಾಕು, ಕೂಗಿಕೊಂಡು ಓಡುತ್ತಾರೆ ಎಂದುಕೊಂಡಿದ್ದೆ. ಬದುಕಿರುವ ನಮ್ಮ ಹುಡುಗರ ಮುಖವನ್ನೇ ಎಂದೂ ನೋಡದವರು, ಸತ್ತವರ ಮುಖದಲ್ಲಿ ವ್ಯತ್ಯಾಸ ಹೇಗೆ ಕಾಣುತ್ತಾರೆ?

ಆದರೆ ಗುಮಾಸ್ತ ಎಣಿಸುವ ಮನುಷ್ಯ. ದೇವರು ಎಣಿಸುವವರನ್ನು ಚೆನ್ನಾಗಿಟ್ಟಿರಲಿ.

"ಮಿಸ್ಟರ್ ಪೆಟಿಗ್ರೂ, ನಿಮ್ಮ ಪುಸ್ತಕದಲ್ಲಿ ಐವತ್ತೆರಡು ಅಂತಿದೆ. ಇಲ್ಲಿ ಐವತ್ತೊಂಬತ್ತು ಇದ್ದಾರೆ."

ಪೆಟಿಗ್ರೂ ಹುಡುಗರತ್ತ ತಿರುಗಿಯೂ ನೋಡಲಿಲ್ಲ. "ಸರಿಯಾಗಿ ಎಣಿಸಿ."

"ಎರಡು ಸಲ ಎಣಿಸಿದೆ."

ದಪ್ಪನೆಯವರು ಹುಬ್ಬೇರಿಸಿದರು. "ಏನ್ರೀ, ನಿಮ್ಮ ಹತ್ರ ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತಿಲ್ವಾ?"

ಕ್ಷಣವೂ ತಡೆಯದೆ ಪೆಟಿಗ್ರೂ ನಕ್ಕ. "ಓ, ಅದಾ! ಓಡಿಹೋಗಿದ್ದ ಏಳು ಜನರನ್ನ ಈ ವಾರ ಹಿಡಿದು ತಂದಿದ್ದೀವಿ. ಪುಸ್ತಕಕ್ಕೆ ಇನ್ನೂ ಏರಿಸಿಲ್ಲ."

"ಒಳ್ಳೇ ಕೆಲಸ. ಈಗಲೇ ಹೆಸರು ಸೇರಿಸ್ಕೊಳ್ಳೋಣ."

ಗುಮಾಸ್ತ ಮೇಜಿನ ತುದಿಗೆ ಬಂದು ಪೆನ್ಸಿಲ್ ತೆಗೆದ. "ಏಯ್, ಹೆಸರು?"

"ಐಸಾಯ ಪೂಲ್, ಸಾರ್. ಊರು ವಾಲ್ಡೋಸ್ಟ. ಅಮ್ಮ ಕ್ಲಾರಿಂಡ ಪೂಲ್." ಸುಟ್ಟ ಇಟ್ಟಿಗೆಯ ಮೇಲೆ ನೀರು ಬಿದ್ದ ಹಾಗಿತ್ತು ಧ್ವನಿ.

"ಡೋರ್ಸಿ ವೇರ್, ಸಾರ್."

ಮೂರನೆಯ ಹೆಸರಿಗೆ ಪೆಟಿಗ್ರೂ ತಿರುಗಿದ. ಏಳು ಕಾಗದಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದವನು ಅವನೇ ತಾನೆ. ಗೂಡಿನ ಬಾಯಲ್ಲಿ ನಿಂತು ಎಣಿಸಿದವನೂ ಅವನೇ. ಮುಖದಲ್ಲಿ ರಕ್ತ ಉಳಿಯಲಿಲ್ಲ. ಬೆಂಚು ಹಿಡಿದುಕೊಂಡ.

"ಟೋಬಿ ಹಿಲ್, ಸಾರ್," ಎಂದ ಕೊನೆಯವನು, ಪೆಟಿಗ್ರೂನನ್ನೇ ನೋಡುತ್ತ.

"ಇಲ್ಲೊಂದು ಸಹಿ," ಎಂದ ಗುಮಾಸ್ತ.

ಮೂವರು ದೊಡ್ಡಮನುಷ್ಯರ ಎದುರು ತಾನೇ ಹಿಡಿದು ತಂದೆನೆಂದವನು ಇನ್ನೇನು ಮಾಡುತ್ತಾನೆ? ಹಾಕಿದ. ಮೊದಲನೆಯ ಸಲ ಅವನ ಅಕ್ಷರ ಕೆಟ್ಟಿತು.

ಮೇ 16. ಭಾನುವಾರ

ಬೆಳಗಿನ ಪ್ರಾರ್ಥನೆ ಮುಗಿಸಿ ಎಲ್ಲ ಹುಡುಗರೂ ನಾನೂ ತೋಪಿಗೆ ಹೋದೆವು. ಥರ್ಮನ್ ಮತ್ತು ಇನ್ನೊಬ್ಬ ಹುಡುಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಬೇಡವೆಂದರೂ ಕೇಳಲಿಲ್ಲ. ಬೆಸುಗೆಯನ್ನು ಮೊಳೆಯಿಂದ ಒಡೆಸಿ, ಒಂದೊಂದು ಹೆಸರು ಹೇಳಿ, ಒಂದೊಂದು ತಟ್ಟೆ ಇಟ್ಟೆ. ನನ್ನ ತಂದೆಯ ಪ್ರಾರ್ಥನೆ ಹೇಳಿದೆ, ಅಜ್ಜಿಯದನ್ನೂ ಹೇಳಿದೆ. ಎರಡಕ್ಕೂ ಹುಡುಗರು ಆಮೆನ್ ಎಂದರು. ಮಧ್ಯಾಹ್ನ ಮೇಜಿನಲ್ಲಿ ಐವತ್ತೆರಡು.

ಸಂಜೆಗೆ ಮುಂಚೆ ಪೆಟಿಗ್ರೂ ಅಡುಗೆಮನೆಗೆ ಬಂದ. ಟೈ ಇರಲಿಲ್ಲ.

"ಎಲ್ಲಿ ಅವರು? ಎಲ್ಲೇ ಆ ಏಳು ಜನ?"

"ನನಗೇನು ಗೊತ್ತು ಸಾರ್. ಹಿಡಿದು ತಂದವರು ನೀವು."

"ಲುವೀನಿಯಾ..."

"ಐವತ್ತೊಂಬತ್ತಕ್ಕೆ ಸಹಿ ಹಾಕಿದ್ದೀರಿ. ಗುಮಾಸ್ತರು ಹೋಗ್ತಾ ನನಗೆ ಹೇಳಿದ್ರು, ಇನ್ನು ಮೂರು ತಿಂಗಳಿಗೆ ಮತ್ತೆ ಬಂದು ಎಣಿಸ್ತಾರಂತೆ. ಒಬೆಡನೂ ಸೇರಿ. ನಾನಾಗಿದ್ರೆ ಇನ್ನೊಬ್ಬನನ್ನ ಕಳ್ಕೊಳ್ಳೋಕೆ ಹೋಗ್ತಿರ್ಲಿಲ್ಲ."

ಅವನು ನನ್ನನ್ನು ಹೊಡೆಯುತ್ತಾನೆಂದುಕೊಂಡೆ. ಒಲೆಯತ್ತ ನೋಡಿದ, ಹಿಂದೆ ಹಿಂದೆ ಸರಿಯುತ್ತ ಬಾಗಿಲು ದಾಟಿದ. ಗೂಡಿಗೆ ಬೆಂಕಿ ಹಾಕಬೇಡಿ ಎಂದು ಅಂಗಳದಲ್ಲಿ ಕೂಗಿದ್ದು ಕೇಳಿಸಿತು.

ಮೇ 18. ಮಂಗಳವಾರ

ಏಳು ತಾಯಂದಿರಿಗೆ ಏಳು ಕಾಗದ. ಮಗ ಎಲ್ಲಿ ಮಲಗಿದ್ದಾನೆ ಎಂಬುದನ್ನು ಬರೆದೆ. ಮೇ ಹದಿನಾಲ್ಕರಂದು ಅವನು ಜೀವಂತವಾಗಿ ಇಲ್ಲೇ ಇದ್ದನೆಂದು ಸೂಪರಿಂಟೆಂಡೆಂಟ್ ಸಹಿ ಹಾಕಿರುವುದನ್ನೂ ಬರೆದೆ. ಜೂನ್ ಆರು, ಭೇಟಿಯ ಭಾನುವಾರ, ಎಲ್ಲರೂ ಒಟ್ಟಿಗೆ ಬಂದು 'ನಮ್ಮ ಮಗನನ್ನು ಕೊಡಿ' ಎಂದು ಕೇಳಿ ಎಂದೂ ಬರೆದೆ. ರೈಲಿನಲ್ಲಿ ಪೋರ್ಟರ್ ಆಗಿರುವ ನನ್ನ ತಮ್ಮ ಕಾರ್ನೀಲಿಯಸ್ ಬಂದು ಒಯ್ದ. ನನ್ನನ್ನು ನೋಡಿ ಬಾಗಿಲಲ್ಲೇ ಟೋಪಿ ತೆಗೆದು ನಿಂತುಬಿಟ್ಟ. ಅಷ್ಟು ಮರ್ಯಾದೆ ಅವನು ಎಂದೂ ಕೊಟ್ಟವನಲ್ಲ.

ಮೇ 20. ಗುರುವಾರ

ಸ್ವಲ್ಪ ಬಳಲಿಕೆ. ಸೋಮವಾರ ಒಲೆಗೆ ಮರಳುತ್ತೇನೆ. ಜೂನ್ ಆರಕ್ಕೆ ಏಳು ಹೆಂಗಸರಿಗೆ ಊಟ ಆಗಬೇಕು. ಅಲಸಂದೆಯನ್ನು ಹಿಂದಿನ ದಿನವೇ ನೆನೆಹಾಕಲು ಒಬೆಡನಿಗೆ ಹೇಳಿದ್ದೇನೆ. ಅವನ ಕೈ ಉಪ್ಪಿಗೆ ಸರಿಯಾಗಿದೆ.

ಹುಡುಗರು ಸರದಿ ಹಾಕಿಕೊಂಡು ನನ್ನ ಹಾಸಿಗೆಯ ಪಕ್ಕ ಕೂರುತ್ತಾರೆ. ಕೆಲಸ ಬಿಟ್ಟು ಕೂರಬೇಡಿ ಎಂದು ಬೈದೆ. ಇವತ್ತು ಥರ್ಮನ್‌ನ ಸರದಿ. ಹೋಗುವ ಮುಂಚೆ ಕೇಳಿದ.

"ಮಿಸೆಸ್ ಸ್ಪೈಟ್, ಇವತ್ತು ನೀವು ನೀರು ಕುಡಿದಿದ್ದು ಯಾವ ಲೋಟದಲ್ಲಿ?"

"ನೀಲಿ ಗೆರೆಯದು. ಯಾಕೆ?"

"ಸುಮ್ನೆ."

"ಸುಮ್ನೆ ಯಾರೂ ಏನೂ ಕೇಳಲ್ಲ."

"ತೊಳೆದಿಡೋಣ ಅಂತ."

ತೊಳೆಯುವುದಕ್ಕೆ ಅಳುವುದೇಕೋ. ಆ ಲೋಟವನ್ನು ಅಂಗಿಯೊಳಗೆ ಇಟ್ಟುಕೊಂಡು ಹೊರಟ. ಸಾಮಾನು ಬಳಸಿದ ಜಾಗಕ್ಕೇ ಮರಳಿ ಇಡಬೇಕೆಂದು ಇವರಿಗೆ ಎಷ್ಟು ಸಲ ಹೇಳಬೇಕು. ನಾಳೆ ಕರೆದು ಕೇಳುತ್ತೇನೆ.